ದೂರ ಸರಿಸಿದ ಮೇಜುಗಳು

ತಾನು ಒಳಗೆ ಕಾಲಿಟ್ಟೊಡನೆ ಮಾತು ನಿಂತರೆ ಅದು ತನ್ನ ಬಗ್ಗೆಯೇ ಆಡುತ್ತಿದ್ದ ಮಾತು ಎಂಬುದರಲ್ಲಿ ಮೇಲ್ವಿಚಾರಕಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಿಂದೆ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಹೀಗೆಯೇ ಶುರುವಾಗಿತ್ತು. ಮೊದಲು ಪಿಸುಪಿಸು, ಆಮೇಲೆ ಮುಖ ನೋಡಿ ಮುಸಿಮುಸಿ, ಕೊನೆಗೊಂದು ದಿನ ಹನ್ನೊಂದು ಜನ ಸಹಿ ಹಾಕಿದ ದೂರು. ಆ ಹನ್ನೊಂದರಲ್ಲಿ ಒಬ್ಬಳು ಹಿಂದಿನ ಮಧ್ಯಾಹ್ನವಷ್ಟೇ ಇವಳ ಡಬ್ಬಿಯಿಂದ ಹಂಚಿಕೊಂಡು ಉಂಡಿದ್ದಳು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಇವಳು ತಣ್ಣೀರನ್ನೂ ಊದಿ ಕುಡಿಯುವಂತಾಗಿದ್ದಳು.

ಈ ಹೊಸ ಆಸ್ಪತ್ರೆಯಲ್ಲಿ ಅವಳ ಕೈಕೆಳಗಿದ್ದವರು ಮೂರೇ ಜನ. ಆಪರೇಷನ್ನಿಗೆ ಬೇಕಾದ ಕತ್ತರಿ, ಇಕ್ಕಳ, ಚಿಮಟಗಳನ್ನು ತೊಳೆದು, ಪಟ್ಟಿ ನೋಡಿ ಟ್ರೇಗಳಲ್ಲಿ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರಕ್ಕೆ ಹಾಕಿ ಮೇಲಿನ ಮಹಡಿಗೆ ಕಳಿಸುವ ನೆಲಮಾಳಿಗೆಯ ಕೋಣೆ ಅದು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಉದ್ದಣ್ಣ ಬ್ರಷ್ ಹಿಡಿದು ತೊಳೆಯುತ್ತಿದ್ದ. ಇಪ್ಪತ್ತೇಳು ವರ್ಷ ಅಲ್ಲೇ ಸವೆಸಿದ, ಇಡೀ ಆಸ್ಪತ್ರೆಯೇ ಚಿಕ್ಕಮ್ಮ ಎಂದು ಕರೆಯುವ ಹೆಂಗಸು ಜೋಡಿಸುತ್ತಿದ್ದಳು. ಬಾಯಿಗೆ ಬಿಡುವೇ ಕೊಡದೆ ಗಿಣಿ ಎಂದು ಹೆಸರು ಪಡೆದ ಎರಡು ಮಕ್ಕಳ ತಾಯಿ ಟ್ರೇಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಮೂರು ಮೇಜುಗಳನ್ನು ಒಂದಕ್ಕೊಂದು ತಾಗಿಸಿಟ್ಟುಕೊಂಡು ಭುಜಕ್ಕೆ ಭುಜ ಕೊಟ್ಟು ನಿಂತಿರುತ್ತಿದ್ದರು. ಗಿಣಿ ಕೂಡ ಮೇಲ್ವಿಚಾರಕಿಯನ್ನು ಕಂಡರೆ ಮಾತ್ರ ಮೂಕಿ.

ಒಂದು ಬೆಳಿಗ್ಗೆ ತನ್ನ ಕೋಣೆಯ ಗಾಜಿನ ಗೋಡೆಯಾಚೆಯಿಂದ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಗಿಣಿ ಅತ್ತಿತ್ತ ನೋಡಿ ಚಿಕ್ಕಮ್ಮನ ಟ್ರೇಯಿಂದ ಒಂದು ಕತ್ತರಿ ಎತ್ತಿ ಏಪ್ರನ್ ಜೇಬಿಗೆ ಇಳಿಸಿದಳು. ಉದ್ದಣ್ಣ ನೋಡಿದ, ನೋಡಿಯೂ ಸುಮ್ಮನಿದ್ದ. ಮಾರನೆಯ ದಿನ ಒಂದು ಇಕ್ಕಳ. ಮೇಲ್ವಿಚಾರಕಿ ಬಾಯಿ ಬಿಡಲಿಲ್ಲ. ಸಂಜೆ ಮೂವರೂ ಹೊರಟ ಮೇಲೆ ಕಪಾಟುಗಳನ್ನೆಲ್ಲ ತೆಗೆದು ಒಂದೊಂದನ್ನೇ ಎಣಿಸಿದಳು. ಒಂದೂ ಕಡಿಮೆ ಇರಲಿಲ್ಲ. ಕಳುವಾಗಿದ್ದರೆ ಅವಳಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಕಳ್ಳತನವಲ್ಲವೆಂದರೆ ಮತ್ತೇನು? ತನ್ನನ್ನು ಸಿಕ್ಕಿಸಲು ಏನೋ ಹೂಡುತ್ತಿದ್ದಾರೆ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಶಾಲೆಯ ಬಸ್ಸು ಓಡಿಸುತ್ತಿದ್ದ.

"ಮೂರು ಜನ ಕೂಡಿ ನಗ್ತಾರೆ ಅಂದ್ರೆ ಅವರಿಗೆ ಹೊಂದಾಣಿಕೆ ಇದೆ ಅಂತಾನೂ ಇರಬಹುದಲ್ವೇನೇ?"

"ನಿಮಗೇನು ಗೊತ್ತು? ನಿಮ್ಮ ಬಸ್ಸಲ್ಲಿ ಸ್ಟೇರಿಂಗ್ ಹಿಡಿಯೋರು ಒಬ್ಬರೇ."

ಸೋಮವಾರ ಬಂದವಳೇ ಮೇಜುಗಳನ್ನು ಮೂರು ಮೂಲೆಗೆ ಎಳೆಸಿದಳು. ಇನ್ನು ಮುಂದೆ ಒಂದೊಂದು ಟ್ರೇಯನ್ನು ಒಬ್ಬೊಬ್ಬರೇ ತೊಳೆದು, ಜೋಡಿಸಿ, ಸುತ್ತಿ, ಚೀಟಿಯಲ್ಲಿ ಸಹಿ ಹಾಕಬೇಕು.

"ಯಾವ ತಪ್ಪು ಯಾರದು ಅಂತ ನನಗೆ ಗೊತ್ತಾಗ್ಬೇಕು," ಎಂದಳು.

"ಒಟ್ಟಿಗಿದ್ರೇನೇ ಕೆಲಸ ಸಲೀಸು ಮೇಡಂ," ಎಂದ ಉದ್ದಣ್ಣ, ನೆಲ ನೋಡುತ್ತಾ.

"ಯಾವ ಕೆಲಸ?"

ಅವನು ಮತ್ತೆ ಬ್ರಷ್ ಕೈಗೆತ್ತಿಕೊಂಡ. ಚಿಕ್ಕಮ್ಮನ ಮುಖ ಬಿಳಿಚಿಕೊಂಡದ್ದನ್ನು ಮೇಲ್ವಿಚಾರಕಿ ಗಮನಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಎಂದು ಒಳಗೊಳಗೇ ಬೀಗಿದಳು.

ಆ ವಾರ ಮೇಲಿನಿಂದ ಎರಡು ದೂರು ಬಂದವು. ಒಂದು ಟ್ರೇಯಲ್ಲಿ ಒಂದೇ ಬಗೆಯ ಚಿಮಟ ಎರಡಿದ್ದವು, ಇನ್ನೊಂದರಲ್ಲಿ ಕತ್ತರಿ ಬದಲಾಗಿತ್ತು. ಇಷ್ಟು ವರ್ಷ ಹೀಗೆ ಆಗಿರಲಿಲ್ಲವಂತೆ. ಬೇಕೆಂದೇ ಮಾಡುತ್ತಿದ್ದಾರೆ, ತನಗೆ ಬುದ್ಧಿ ಕಲಿಸುವುದಕ್ಕೆ ಎಂದುಕೊಂಡಳು. ಮೂರು ಮೂಲೆಗಳಲ್ಲಿ ಮೂರು ಬೆನ್ನುಗಳು. ನಲ್ಲಿಯ ಸದ್ದು ಬಿಟ್ಟರೆ ಕೋಣೆ ಸ್ತಬ್ಧ. ತಾನು ಬಯಸಿದ್ದೂ ಇದನ್ನೇ, ಆದರೂ ಆ ಮೌನದ ಮೇಲೂ ಅವಳಿಗೆ ಗುಮಾನಿ.

ಮುಂದಿನ ಬುಧವಾರ ಬೆಳಿಗ್ಗೆ ಫೋನು ಬಂತು. ಹೊಟ್ಟೆಯ ಆಪರೇಷನ್ ನಡುವೆ ರಕ್ತನಾಳ ಹಿಡಿಯುವ ಸೊಟ್ಟ ತುದಿಯ ಇಕ್ಕಳ ಬೇಕೆಂದು ವೈದ್ಯರು ಕೈ ಚಾಚಿದರೆ ಟ್ರೇಯಲ್ಲಿ ಅದೇ ಇಲ್ಲ. ಪಕ್ಕದ ಥಿಯೇಟರಿನಿಂದ ಇನ್ನೊಂದು ಟ್ರೇ ಓಡಿಸಿ ತಂದರು. ರೋಗಿ ಉಳಿದುಕೊಂಡರು, ಆದರೆ ಕೂದಲೆಳೆಯಲ್ಲಿ.

ಮೇಲ್ವಿಚಾರಕಿ ಆ ಟ್ರೇಯ ಚೀಟಿ ತರಿಸಿಕೊಂಡು ಮೂವರ ಬಳಿ ಬಂದಳು.

"ಇವತ್ತಿನ ಹೊಟ್ಟೆ ಆಪರೇಷನ್ ಟ್ರೇ ಯಾರು ಕಟ್ಟಿದ್ದು?"

"ನಾನು," ಎಂದ ಉದ್ದಣ್ಣ.

"ಅಲ್ಲ ಮೇಡಂ, ನಾನು," ಎಂದಳು ಗಿಣಿ.

"ಆಹಾ! ಎಷ್ಟು ಚೆನ್ನಾಗಿ ಪಾಠ ಒಪ್ಪಿಸ್ತೀರಿ. ಇದರ ಮೇಲಿರೋ ಸಹಿ ನಿಮ್ಮಿಬ್ಬರದೂ ಅಲ್ಲ."

"ಸುಮ್ನಿರ್ರೋ ಇಬ್ರೂ," ಎಂದಳು ಚಿಕ್ಕಮ್ಮ ಮೂಲೆಯಿಂದ. "ತಪ್ಪು ನಂದು. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ ಮೇಡಂ. ಆರು ತಿಂಗಳಾಯ್ತು. ಸೊಟ್ಟ ತುದಿದು, ನೆಟ್ಟಗಿರೋದು ಎರಡೂ ಮಂಜುಮಂಜು. ಬೆರಳಲ್ಲಿ ಮುಟ್ಟಿ ನೋಡ್ತೀನಿ, ಆದ್ರೂ ಒಂದೊಂದ್ಸಲ ಮೋಸ ಹೋಗ್ತೀನಿ. ನಾನು ಜೋಡಿಸಿದ್ದನ್ನ ಇವರು ಇನ್ನೊಂದ್ಸಲ ನೋಡೋರು. ತಪ್ಪಿದ್ರೆ ತೆಗೆದು ಸರಿಯಾದ್ದು ಇಡೋರು."

ಮೇಲ್ವಿಚಾರಕಿ ಗಿಣಿಯ ಕಡೆ ತಿರುಗಿದಳು. "ಜೇಬಿಗೆ ಯಾಕೆ ಹಾಕ್ಕೊಳ್ತಿದ್ದೆ ಹಾಗಾದ್ರೆ?"

"ನಿಮ್ಮ ಕಣ್ಣಿಗೆ ಬೀಳಬಾರದು ಅಂತ. ನೀವು ಆ ಕಡೆ ಹೋದ್ಮೇಲೆ ಮತ್ತೆ ತೊಳೆಯೋಕೆ ಹಾಕ್ತಿದ್ದೆ."

"ನನಗೊಂದು ಮಾತು ಹೇಳೋಕೇನಾಗಿತ್ತು?"

ಗಿಣಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು. "ಬಂದ ದಿನಾನೇ ಹೇಳಿದ್ರಲ್ಲ, ಕೈಲಾಗದವರು ಮನೆ ದಾರಿ ಹಿಡೀಲಿ ಅಂತ. ಚಿಕ್ಕಮ್ಮಂಗೆ ಪಿಂಚಣಿ ಕೂಡೋಕೆ ಇನ್ನೊಂದೂವರೆ ವರ್ಷ ಇದೆ."

"ಮೇಲೆ ಮಲಗಿದ್ದೋರು ಯಾರದ್ದೋ ತಾಯಿ ಕಣೇ! ಇದು ಸೆರಗಲ್ಲಿ ಮುಚ್ಚಿಡೋ ವಿಷಯಾನಾ?"

ಹಾಗೆಂದವಳ ಕಣ್ಣು ತಾನೇ ಮೂಲೆಗೆ ಎಳೆಸಿದ ಮೇಜುಗಳ ಮೇಲೆ ಬಿತ್ತು. ಆರು ತಿಂಗಳು ಮೂರು ಜೋಡಿ ಕಣ್ಣು ಸೇರಿ ಹಿಡಿಯುತ್ತಿದ್ದ ತಪ್ಪನ್ನು ಒಂಬತ್ತೇ ದಿನದಲ್ಲಿ ತಾನು ಮೇಲಿನ ಮಹಡಿಗೆ ಹತ್ತಿಸಿದ್ದಳು.

ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ ದೊಡ್ಡ ಸಿಸ್ಟರ್ ವರದಿ ಕೇಳಿದರು. ತಪ್ಪಿತಸ್ಥರ ಹೆಸರು ಬರೆಯುವ ಜಾಗದಲ್ಲಿ ಮೇಲ್ವಿಚಾರಕಿಯ ಪೆನ್ನು ನಿಂತಿತು. ತನ್ನ ಹೆಸರು ಬರೆದರೆ ನಾಳೆ ಇವರು ತಲೆಯ ಮೇಲೆ ಹತ್ತಿ ಕೂರುವುದಿಲ್ಲ ಎಂದು ಏನು ಖಾತ್ರಿ? ಹಳೆಯ ಹನ್ನೊಂದು ಸಹಿಗಳು ನೆನಪಾದವು. ಆದರೂ ನಡೆದದ್ದನ್ನು ನಡೆದಂತೆ ಬರೆದಳು. ಕಣ್ಣಿನ ವಿಷಯ ಮುಚ್ಚಿಟ್ಟದ್ದು ಅವರು, ಕಾರಣ ಕೇಳದೆ ಮೂವರನ್ನೂ ಬೇರೆ ಮಾಡಿದ್ದು ತಾನು.

ನಾಲ್ವರಿಗೂ ಎಚ್ಚರಿಕೆಯ ಪತ್ರ ಬಂತು. ಚಿಕ್ಕಮ್ಮನನ್ನು ಯಾರೂ ಮನೆಗೆ ಅಟ್ಟಲಿಲ್ಲ. ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದರು, ಎರಡು ತಿಂಗಳ ರಜೆ ಕೊಟ್ಟರು. ಮೇಜುಗಳು ಮತ್ತೆ ಒಂದಾದವು. ಪ್ರತಿ ಟ್ರೇಯನ್ನೂ ಇಬ್ಬರು ನೋಡಿ ಇಬ್ಬರೂ ಸಹಿ ಹಾಕಬೇಕೆಂದು ಮೇಲ್ವಿಚಾರಕಿಯೇ ನಿಯಮ ಮಾಡಿದಳು. ಜನ ಕಡಿಮೆಯಿದ್ದ ದಿನ ತಾನೂ ಏಪ್ರನ್ ಕಟ್ಟಿಕೊಂಡು ನಿಂತಳು. ಆದರೆ ಸುಟ್ಟ ಬಾಯಿಯ ನೆನಪು ಸುಲಭಕ್ಕೆ ಹೋಗದು. ಬೆನ್ನ ಹಿಂದೆ ಪಿಸುಗುಟ್ಟಿದರೆ ಈಗಲೂ ಅವಳ ಕಿವಿ ನಿಮಿರುತ್ತಿತ್ತು.

ಚಿಕ್ಕಮ್ಮ ಕೆಲಸಕ್ಕೆ ಮರಳಿದ ಮೂರನೆಯ ದಿನ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಮೇಡಂ, ನೀವು ಜೋಡಿಸಿದ್ರಲ್ಲಿ ಒಂದು ಕತ್ತರಿ ಹೆಚ್ಚಿದೆ!"

ಎಲ್ಲರೆದುರು ಹೀಗೆ ಹೇಳುವುದೆಂದರೆ ಸೇಡೇ ಇರಬೇಕು ಎಂದುಕೊಂಡಳು ಮೇಲ್ವಿಚಾರಕಿ. ಪಟ್ಟಿ ತೆಗೆದು ಎಣಿಸಿದಳು. ಎಂಟಿರಬೇಕಾದಲ್ಲಿ ಒಂಬತ್ತು.

"ಹೌದು, ಹೆಚ್ಚಿದೆ," ಎಂದು ಒಂದನ್ನು ತೆಗೆದಿಟ್ಟಳು.

ಗಿಣಿ ಕಿಸಕ್ಕೆಂದಳು.

"ಯಾಕೆ ನಗ್ತಿದೀಯ?" ಇಷ್ಟು ದಿನ ನುಂಗಿಕೊಂಡ ಪ್ರಶ್ನೆ ಬಾಯಿಗೆ ಬಂದೇಬಿಟ್ಟಿತು.

"ನಿನ್ನೆ ನಾನೂ ಇದೇ ತಪ್ಪು ಮಾಡಿದ್ದೆ ಮೇಡಂ. ನನಗಾದ್ರೆ ಚಿಕ್ಕಮ್ಮ ಕತ್ತೆ ಅಂತ ಬೈದ್ರು. ನಿಮಗೆ ಅನ್ನಲಿಲ್ಲ."

"ಮನಸ್ಸಲ್ಲಿ ಅಂದ್ಕೊಂಡೆ ಬಿಡೇ," ಎಂದಳು ಚಿಕ್ಕಮ್ಮ.

ಉದ್ದಣ್ಣ ಬ್ರಷ್ ಹಿಡಿದ ಕೈ ಹಾಗೇ ನಿಲ್ಲಿಸಿ ಮೇಲ್ವಿಚಾರಕಿಯ ಮುಖ ನೋಡಿದ. ಅವಳಿಗೆ ನಗುವುದೋ ಸಿಡುಕುವುದೋ ತಿಳಿಯಲಿಲ್ಲ. ನಗಲಿಲ್ಲ, ಸಿಡುಕಲೂ ಇಲ್ಲ. "ಮುಂದಿನ ಟ್ರೇ ಕೊಡಿ," ಎಂದು ಚಿಕ್ಕಮ್ಮನ ಪಕ್ಕಕ್ಕೆ ಸರಿದು ನಿಂತಳು.