ಒಂಬತ್ತು ಬಸ್ಸಿನ ಉದ್ದ

ಕಂಡಕ್ಟರ್ ಪರಮಣ್ಣನಿಗೆ ನೂರು ಮೀಟರ್ ಓಟದ ಹುಚ್ಚು. ಕ್ರಿಕೆಟ್ ನೋಡುವವರನ್ನು ಕಂಡರೆ ಅವನಿಗೆ ಕನಿಕರ. "ಅದನ್ನ ಇಡೀ ದಿನ ಕುಂತು ನೋಡಬೇಕು. ನಂದು ನೋಡ್ರಿ, ಒಂದು ಟಿಕೆಟ್ ಹರಿಯೋದ್ರಾಗ ಮುಗೀತದ" ಎಂದು ದೇವದುರ್ಗದಿಂದ ಮಾನ್ವಿ ದಾಟಿ ಹಿರೇಕೊಟ್ನೆಕಲ್‌ವರೆಗೆ ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಜಗತ್ತಿನ ಯಾವ ಓಟಗಾರ ಎಷ್ಟು ಹೆಜ್ಜೆಯಲ್ಲಿ ಗುರಿ ಮುಟ್ಟುತ್ತಾನೆಂಬುದು ಮೊಬೈಲಿನಲ್ಲಿ ನೋಡಿ ನೋಡಿ ಅವನಿಗೆ ಬಾಯಿಪಾಠ.

ಈ ಸಲ ರಾಜ್ಯಮಟ್ಟದ ಕಿರಿಯರ ಕ್ರೀಡಾಕೂಟ ರಾಯಚೂರಿಗೇ ಬಂದಿತ್ತು. ಓಡುವವರಲ್ಲಿ ಅವನ ಬಸ್ಸಿನ ಹುಡುಗಿಯೂ ಇದ್ದಳು. ಇನ್ನು ಕೇಳಬೇಕೆ? ಪರಮಣ್ಣನ ಕಾಲು ನೆಲದ ಮೇಲಿರಲಿಲ್ಲ.

ಹುಡುಗಿಯ ಹೆಸರು ಮೌನೇಶ್ವರಿ. ಹಿರೇಕೊಟ್ನೆಕಲ್‌ನ ಕುರಿಗಾರರ ಮನೆಯವಳು, ಮಾನ್ವಿಯ ಕಾಲೇಜಿಗೆ ದಿನಾ ಇದೇ ಬಸ್ಸು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ತಡವಾಗಿ ಬಂದವಳು ಹೊರಟ ಬಸ್ಸಿನ ಹಿಂದೆ ಓಡಿ, ಡ್ರೈವರ್ ಖಾಜಾಮಿಯಾ ಎರಡನೇ ಗೇರ್ ಹಾಕುವಷ್ಟರಲ್ಲಿ ಬಾಗಿಲು ಹಿಡಿದಿದ್ದಳು. ಪರಮಣ್ಣ ಅವತ್ತು ಟಿಕೆಟ್ ಕೊಡುವುದನ್ನೇ ಮರೆತ.

ಸಂಜೆ ಅವಳ ಊರಿನಲ್ಲಿ ಬಸ್ಸಿಗೆ ಇಪ್ಪತ್ತು ನಿಮಿಷ ನಿಲುಗಡೆ. ಕಾಲುವೆ ದಂಡೆಯ ದಾರಿಯಲ್ಲಿ ಡ್ರೈವರ್, ಕಂಡಕ್ಟರ್ ಇಬ್ಬರೂ ಸೇರಿ ಬಸ್ಸಿನಿಂದಲೇ ನೂರು ಮೀಟರ್ ಅಳೆದರು. ಬಸ್ಸಿನ ಉದ್ದ ಹನ್ನೊಂದು ಮೀಟರ್. ಖಾಜಾಮಿಯಾ ಒಂಬತ್ತು ಸಲ ಮುಂದೆ ಸರಿಸಿದ, ಪರಮಣ್ಣ ಒಂಬತ್ತು ಸಲ ಸುಣ್ಣದ ಗೆರೆ ಎಳೆದ, ಕೊನೆಗೆ ಮೇಲೊಂದು ದೊಡ್ಡ ಹೆಜ್ಜೆ. ಅಂದಿನಿಂದ ದಿನಾ ಸಂಜೆ ಹುಡುಗಿ ಗೆರೆಯ ಮೇಲೆ ಬಗ್ಗುವಳು, ಪರಮಣ್ಣ ಸೀಟಿ ಊದುವನು, ಅವಳು ಹಾರುವಳು. ಜಿಲ್ಲಾಮಟ್ಟದಲ್ಲಿ ಹೊರಡುವಾಗ ತಡವರಿಸಿಯೂ ಎರಡನೆಯವಳಾದಳು. ಹೊಸ ಜಾಗದ ಅಂಜಿಕೆ ಎಂದು ಪರಮಣ್ಣ ತಾನೇ ಸಮಾಧಾನ ಮಾಡಿಕೊಂಡಿದ್ದ.

ಕೂಟಕ್ಕೆ ಹತ್ತು ದಿನವಿತ್ತು. ದೇವದುರ್ಗದ ಮೈದಾನದಲ್ಲಿ ದೇವಿಕಾ ಟೀಚರ್ ಪಿಸ್ತೂಲು ಹಾರಿಸಿ ನಾಲ್ಕಾರು ಹುಡುಗಿಯರಿಗೆ ಅಭ್ಯಾಸ ಮಾಡಿಸುತ್ತಾರೆಂದು ತಿಳಿದು, ಪರಮಣ್ಣ ರಜೆ ಹಾಕಿ ಮೌನೇಶ್ವರಿಯನ್ನು ಕರೆದೊಯ್ದ. ಬೇಲಿಯ ಹೊರಗೆ ನಿಂತವರಿಗೆಲ್ಲ, "ನಮ್ಮಾಕಿ ನೋಡ್ರಿ, ಕಣ್ಣು ಮುಚ್ಚಿ ತೆಗಿಯೋದ್ರಾಗ ಇರಂಗಿಲ್ಲ" ಅಂದ.

ಢಂ! ಎಲ್ಲ ಹುಡುಗಿಯರೂ ಹೋದರು. ಮೌನೇಶ್ವರಿ ಕಲ್ಲಿನಂತೆ ಕೂತೇ ಇದ್ದಳು.

ಅಷ್ಟರಲ್ಲಿ, ತುದಿಯ ಹುಡುಗಿ ಗುಂಡಿಗಿಂತ ಮೊದಲೇ ಎದ್ದಿದ್ದಳೆಂದು ಟೀಚರ್ ಎಲ್ಲರನ್ನೂ ವಾಪಸ್ ಕರೆಯಲು ಇನ್ನೊಂದು ಗುಂಡು ಹಾರಿಸಿದರು. ಉಳಿದವರು ತಿರುಗಿ ಬರುತ್ತಿದ್ದರೆ ಮೌನೇಶ್ವರಿ ಒಬ್ಬಳೇ ಬಾಣದಂತೆ ಹೊರಟು, ಕೊನೆಯ ಗೆರೆ ಮುಟ್ಟಿ, ಕೈ ಎತ್ತಿ ನಿಂತಳು!

ಮೈದಾನವೆಲ್ಲ ನಕ್ಕಿತು. ದೇವಿಕಾ ಟೀಚರ್ ನಗಲಿಲ್ಲ. "ಒಂದನೇ ಸಪ್ಪಳಕ್ಕ ಹೋಗಬೇಕು, ಎರಡನೇದಕ್ಕ ನಿಲ್ಲಬೇಕು. ನಿನಗ ಯಾರವ್ವಾ ಉಲ್ಟಾ ಕಲಿಸಿದವರು?"

ಹುಡುಗಿ ಪರಮಣ್ಣನ ಕಡೆ ನೋಡಿದಳು. ಪರಮಣ್ಣ ಕೊರಳಲ್ಲಿದ್ದ ಸೀಟಿಯನ್ನು ನೋಡಿಕೊಂಡ. ಒಂದು ಸೀಟಿ ಅಂದರೆ ನಿಲ್ಲು, ಎರಡು ಸೀಟಿ ಅಂದರೆ ಹೊರಡು. ಇಪ್ಪತ್ತಾರು ವರ್ಷ ಅವನ ಬಾಯಿ ನಡೆದದ್ದೇ ಹಾಗೆ. ಎರಡು ವರ್ಷ ಹುಡುಗಿಗೂ ಎರಡೆರಡೇ ಊದಿದ್ದ. ಜಿಲ್ಲಾಮಟ್ಟದಲ್ಲಿ ತಡವರಿಸಿದ್ದೂ ಅಂಜಿಕೆಯಿಂದಲ್ಲ, ಪಾಪ, ಅವಳು ಎರಡನೆಯದಕ್ಕೆ ಕಾದಿದ್ದಳು.

ಮರುದಿನ ಬಸ್ಸಿನಲ್ಲಿ ಖಾಜಾಮಿಯಾ ಸ್ಟೇರಿಂಗಿನ ಮೇಲೆ ಬಿದ್ದು ನಕ್ಕ. "ಅರೇ ಭಾಯ್, ಹುಡುಗಿ ಅಲ್ಲ, ನೀ ಬಸ್ ತಯಾರ್ ಮಾಡೀಯಲ್ಲೋ!"

"ನಗಬ್ಯಾಡ ಮಾರಾಯಾ. ಒಂದ ಸಲ ಊದಬೇಕಂತೀನಿ, ಬಾಯಿ ಕೇಳವಲ್ದು."

"ಹಂಗಾದ್ರ ಸೀಟೀನ ಬಿಡು."

ಅದನ್ನು ಹೇಳಿದ್ದು ತಮಾಷೆಗೆ. ಆದರೆ ಪರಮಣ್ಣನ ತಲೆಯಲ್ಲಿ ಬೇರೇನೋ ಹೊಳೆಯಿತು. ಸಂಜೆ ಮೌನೇಶ್ವರಿಯನ್ನು ಗೆರೆಯ ಮೇಲೆ ಕೂರಿಸಿ, ಬಸ್ಸಿನ ತಗಡಿನ ಬಾಗಿಲನ್ನು ಎರಡೂ ಕೈಯಿಂದ ಎಳೆದು ಬಡಿದ. ಧಡ್! ಕಾಲುವೆಯ ಕೊಕ್ಕರೆಗಳು ಎದ್ದುಹೋದವು. ಹುಡುಗಿ ಅರ್ಧ ಎದ್ದು, ಅನುಮಾನಿಸಿ ನಿಂತಳು.

"ಕಾಯಬ್ಯಾಡ ಬೇ! ಬಾಗ್ಲಾ ಬಿತ್ತಂದ್ರ ಬಸ್ ಹೋತು!"

ದಿನಾ ಇಪ್ಪತ್ತು ಸಲ ಬಾಗಿಲು ಬಡಿಯಿತು. ನಡುನಡುವೆ ಬೇಕೆಂದೇ ಎರಡನೇ ಸಲ ಬಡಿಯುತ್ತಿದ್ದ, ಅದಕ್ಕೆ ಅವಳು ನಿಲ್ಲಬೇಕು. "ಬಾಗ್ಲಾ ಕಿತ್ತರ ಡಿಪೋದಾಗ ಜವಾಬು ನೀನ ಕೊಡಬೇಕು" ಎಂದು ಖಾಜಾಮಿಯಾ ಗೊಣಗಿದ. ಆದರೂ ಪರಮಣ್ಣನ ತೋಳು ಸೋತಾಗ ತಾನೇ ಇಳಿದು ಬಂದು ಬಡಿದ. ಒಂಬತ್ತನೇ ದಿನ ಧಡ್ ಅನ್ನುವುದೇ ತಡ, ಹುಡುಗಿ ಗೆರೆಯ ಮೇಲಿರಲಿಲ್ಲ.

ರಾಯಚೂರಿನ ಕ್ರೀಡಾಂಗಣಕ್ಕೆ ಅರ್ಧ ಬಸ್ಸಿನ ಜನವೇ ಬಂದಿತ್ತು. ಪರಮಣ್ಣನ ಪಕ್ಕ ಮೌನೇಶ್ವರಿಯ ಅಜ್ಜಿ ತಿಮ್ಮವ್ವ, ಹೆಗಲ ಮೇಲೆ ಕಂಬಳಿ. ಬೆಳಗಿನ ಸುತ್ತು ದಾಟಿ ಹುಡುಗಿ ಫೈನಲ್‌ಗೆ ಬಂದಿದ್ದಳು. ಪರಮಣ್ಣನಿಗೆ ಈಗ ತನ್ನ ಬಾಯಿಯ ಮೇಲೇ ನಂಬಿಕೆಯಿಲ್ಲ. ಸೀಟಿ ಬಿಚ್ಚಿ ಮುದುಕಿಯ ಕೈಯಲ್ಲಿಟ್ಟ. "ಯವ್ವಾ, ನಾ ಬೇಡಿದ್ರೂ ಕೊಡಬ್ಯಾಡ."

"ಏನ್ ಗಂಡಸೋ ನೀ, ಒಂದು ಸೀಟಿಗೆ ಅಂಜಾಕತ್ತೀಯಲ್ಲ" ಎಂದು ತಿಮ್ಮವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಎಂಟು ಹುಡುಗಿಯರು ಬಗ್ಗಿದರು. ಢಂ! ಎಂಟೂ ಜನ ಎದ್ದರು. ಪರಮಣ್ಣ ಉಸಿರು ಬಿಡುವ ಮೊದಲೇ ಮತ್ತೆ ಢಂ! ಯಾರೋ ಮುಂಚೆ ಎದ್ದಿದ್ದರು. ಎರಡನೇ ಸಪ್ಪಳ. ಹಳೆಯ ಕಿವಿ ಎದ್ದರೆ ಎಲ್ಲ ಮುಗಿಯಿತು. ಮೌನೇಶ್ವರಿ ನಾಲ್ಕು ಹೆಜ್ಜೆ ಹೋಗಿ ನಿಂತಳು, ತಿರುಗಿದಳು, ಸೊಂಟದ ಮೇಲೆ ಕೈಯಿಟ್ಟು ಸಾವಕಾಶ ನಡೆದು ಬಂದಳು.

"ನಿಂತ್ಳು!" ಪರಮಣ್ಣ ಚೀರಿದ. ಓಟ ಶುರುವಾಗುವ ಮೊದಲೇ ಇವನೇಕೆ ಕುಣಿಯುತ್ತಿದ್ದಾನೆಂದು ಸುತ್ತಲಿನವರಿಗೆ ತಿಳಿಯಲಿಲ್ಲ.

ತಪ್ಪು ಮಾಡಿದವಳನ್ನು ಹೊರಗೆ ಕಳಿಸಿದರು. ಏಳು ಜನ ಮತ್ತೆ ಬಗ್ಗಿದರು. ಢಂ!

ಎಲ್ಲರಿಗಿಂತ ಮೊದಲು ಎದ್ದದ್ದು ಹಿರೇಕೊಟ್ನೆಕಲ್. ಪರಮಣ್ಣ ಬಸ್ಸು ಎಣಿಸಿದ. ಮೂರನೇ ಬಸ್ಸಿಗೆ ಒಂದು ಹೆಜ್ಜೆ ಮುಂದೆ, ಆರನೇ ಬಸ್ಸಿಗೆ ಬೆಂಗಳೂರಿನವಳು ಹೆಗಲಿಗೆ ಹೆಗಲು, ಎಂಟಕ್ಕೆ ಮತ್ತೆ ಒಂದು ಗೇಣು, ಒಂಬತ್ತಕ್ಕೆ ಎದೆ ಮುಂದೆ ಚಾಚಿ ಮೌನೇಶ್ವರಿ! ಹನ್ನೆರಡು ಸೆಕೆಂಡು, ಮೇಲೊಂದಿಷ್ಟು ಚೂರು. ಖಾಜಾಮಿಯಾ ಪರಮಣ್ಣನನ್ನು ಎತ್ತಿಯೇ ಬಿಟ್ಟ.

ಗೆರೆ ದಾಟಿದ ಹುಡುಗಿ ನಿಲ್ಲಲಿಲ್ಲ. ತೋಳು ಚಾಚಿ, ತಿರುವಿನಲ್ಲಿ ತಿರುಗಿ ಓಡುತ್ತಲೇ ಇದ್ದಳು.

"ಯವ್ವಾ, ಸೀಟಿ ಕೊಡು, ಒಂದು ಊದಿ ನಿಲ್ಲಸ್ತೀನಿ. ದಣೀತಾಳ."

"ಯಾಕ ನಿಲ್ಲಸ್ತಿ?" ತಿಮ್ಮವ್ವ ಸೆರಗಿನ ಗಂಟು ಬಿಚ್ಚಿ, ಸೀಟಿಯನ್ನು ತಾನೇ ಬಾಯಿಗಿಟ್ಟು, ಇದ್ದ ಉಸಿರೆಲ್ಲ ಕೂಡಿಸಿ ಎರಡು ಸಲ ಊದಿದಳು.