ಮೀನಿನ ತೊಟ್ಟಿಯ ಮುಚ್ಚಳ ತೀರಿಸಿಕೊಂಡ ಸೇಡು

ನಾನು ಒಂದು ಗಾಜಿನ ಮುಚ್ಚಳ. ಗದಗದ ಗಾಜಿನಂಗಡಿಯಲ್ಲಿ, ಯಾರದೋ ಕಿಟಕಿಗೆ ಕತ್ತರಿಸಿ ಉಳಿದ ತುಂಡಿನಿಂದ ಹುಟ್ಟಿದೆ. ಅಂಚು ಉಜ್ಜಿ, ಮೀನಿಗೆ ಕಾಳು ಹಾಕಲು ಒಂದು ಮೂಲೆ ಕೊಯ್ದು, ಅಕ್ವೇರಿಯಂ ಜೊತೆಗೆ ನನ್ನನ್ನು ಅಡಿವೆಪ್ಪನ ಮನೆಗೆ ಕಳಿಸಿದರು. ನನ್ನ ಕೆಲಸ ಸಣ್ಣದು. ತೊಟ್ಟಿಯಿಂದ ಏಳುವ ಆವಿ ನನ್ನ ಹೊಟ್ಟೆಗೆ ತಗುಲಿ ಹನಿಯಾಗಿ ಮತ್ತೆ ಕೆಳಗೇ ಬೀಳುತ್ತಿತ್ತು. ನೀರು ತೊಟ್ಟಿಯಲ್ಲಿ ಉಳಿಯುತ್ತಿತ್ತು, ಮನೆ ಒಣಗಿರುತ್ತಿತ್ತು. ಇದಕ್ಕಾಗಿ ಯಾರೂ ನನ್ನನ್ನು ಹೊಗಳಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಒಬ್ಬ ವಾಸ್ತು ಪಂಡಿತ ಬಂದ. ಮನೆಯ ನೀರಿಗೆ ಮುಚ್ಚಳ ಹಾಕಿದರೆ ಲಕ್ಷ್ಮಿಗೇ ಬಾಗಿಲು ಹಾಕಿದಂತೆ ಎಂದ. ಅಡಿವೆಪ್ಪ ಹಿಂದುಮುಂದು ನೋಡದೆ ನನ್ನನ್ನು ಬಾಲ್ಕನಿಯ ಮೂಲೆಗೆ ತಳ್ಳಿದ. ಕಾಗೆಗಳು ನನ್ನ ಮೇಲೆ ಏನೇನು ಮಾಡಿದವೋ, ಹೇಳಲು ನಾಚಿಕೆ. ಅಂದೇ ಹಲ್ಲು ಕಚ್ಚಿದೆ: ಅಡಿವೆಪ್ಪಾ, ನಿನಗೆ ಕಾದಿದೆ.

ಆಗಲೇ ಅವನ ಅಕ್ಕ ಕಾಶವ್ವ, ಗಂಡ ಸತ್ತ ಮೇಲೆ, ತಮ್ಮನ ಮನೆಗೆ ಬಂದಳು. ತಮ್ಮನ ಮಗಳು ಶ್ರಾವಣಿಯನ್ನು ಎತ್ತಿ ಆಡಿಸಿದವಳು. ಅವಳ ನಿಶ್ಚಿತಾರ್ಥ ನೋಡುವುದೊಂದೇ ಆಸೆ. ಸೆಕೆ ತಡೆಯದ ಜೀವ, ದಿನವಿಡೀ ನಡುಮನೆಯಲ್ಲಿ ಫ್ಯಾನ್ ಹಾಕಿಕೊಂಡು ಅಕ್ಕಿ ಹಸನು ಮಾಡುತ್ತ ಕೂರುತ್ತಿದ್ದಳು. ತೆರೆದ ನೀರು, ಮೇಲೆ ಫ್ಯಾನಿನ ಗಾಳಿ, ಕೇಳಬೇಕೆ? ತೊಟ್ಟಿ ಸರಸರ ಇಳಿಯಿತು. ಆ ತೇವವೆಲ್ಲ ಮನೆ ಸೇರಿತು. ಗೋಡೆಯ ಬಣ್ಣ ಉಬ್ಬಿತು, ಹಪ್ಪಳ ಮೆತ್ತಗಾಯಿತು, ಕಪಾಟಿನ ಸೀರೆಗಳು ಮುಗ್ಗಲು ವಾಸನೆ ಹೊಡೆದವು.

ಪಂಡಿತನನ್ನು ಮತ್ತೆ ಕರೆಸಿದರು. “ನೀರು ಯಾರದೋ ಕೆಟ್ಟ ಕಣ್ಣು ಹೀರ್ಕೊಳ್ಳಾಕತ್ತೈತಿ,” ಎಂದು ಅವನು ತೊಟ್ಟಿಗೆ ಹಣೆಗಿಡುವ ಒಂದು ಟಿಕಳಿ ಅಂಟಿಸಿ ನೀರಿನ ಮಟ್ಟ ಗುರುತು ಮಾಡಿದ. “ಯಾರು ಎದುರಿಗೆ ಕುಂತಾಗ ಇಳೀತೈತಿ, ನೋಡ್ಕೊಳ್ರಿ.” ಎದುರಿಗೆ ಕೂರುತ್ತಿದ್ದವಳು ಕಾಶವ್ವ ಒಬ್ಬಳೇ.

“ಅಕ್ಕಾ, ಗಂಡಿನವರು ಬರೂದ್ರೊಳಗ ನೀ ಊರಿಗೆ ಹೋಗಿಬಿಡು,” ಎಂದ ಅಡಿವೆಪ್ಪ. “ನಿನ್ನ ಕಣ್ಣು ಛಲೋ ಇಲ್ಲ.” ಅಷ್ಟು ಸಾಲದೆಂದು ಓಣಿಯ ಮನೆಮನೆಗೂ ಅದನ್ನೇ ಸಾರಿ, ನೆಂಟರನ್ನು ಆಮಂತ್ರಿಸಲು ಹುಬ್ಬಳ್ಳಿಗೆ ಹೋದ.

ಕಾಶವ್ವ ತನ್ನ ಚೀಲ ತೆಗೆದುಕೊಳ್ಳಲು ಬಾಲ್ಕನಿಗೆ ಬಂದಳು. ಕಣ್ಣು ಕೆಂಪಾಗಿದ್ದವು. ನನ್ನ ಕೊಯ್ದ ಮೂಲೆ ಕಂಡು, ತೊಟ್ಟಿಯ ಮುಚ್ಚಳವೆಂದು ಗುರುತಿಸಿ ನಿಂತಳು. “ನೋಡೇಬಿಡೂಣು,” ಎಂದು ನನ್ನನ್ನು ತಿಕ್ಕಿ ತೊಳೆದಳು. ಟಿಕಳಿಯ ತನಕ ನೀರು ತುಂಬಿ, ನನ್ನನ್ನು ಮುಚ್ಚಿ, ಫ್ಯಾನ್ ಜೋರು ಮಾಡಿ ಅಲ್ಲೇ ಕುಳಿತಳು. ಊಟ, ನಿದ್ದೆ ಎಲ್ಲ ಅಲ್ಲೇ. ನಾನೂ ಒಂದು ಹನಿ ಬಿಡಬಾರದೆಂದು ಹಟ ಹಿಡಿದೆ.

ಅಡಿವೆಪ್ಪ ಮರಳಿದಾಗ ಮನೆ ತುಂಬ ನೆಂಟರು. ಕಾಶವ್ವ ಅಡುಗೆಮನೆಯಲ್ಲಿದ್ದಳು. ಅವನು ನೇರ ತೊಟ್ಟಿಗೆ ಬಂದ. ನೀರು ಟಿಕಳಿಯ ಮಟ್ಟಕ್ಕೇ ಇತ್ತು. ಗಾಜಿನ ಮೇಲಿನ ಗಾಜು ಅವನಿಗೆ ಕಾಣಲಿಲ್ಲ.

“ನೋಡ್ರಿ! ಅಕ್ಕ ಹ್ವಾದ್ಲು, ನೀರು ಇಳಿಯೂದು ನಿಂತೇಬಿಡ್ತು!” ಎಂದು ಎಲ್ಲರೆದುರು ಕೂಗಿದ.

ಕಾಶವ್ವ ಸೆರಗಿಗೆ ಕೈ ಒರೆಸುತ್ತ ಹೊರಬಂದಳು. “ನಾ ಎಲ್ಲಿಗೂ ಹೋಗಿಲ್ಲೋ ತಮ್ಮಾ. ಈ ತೊಟ್ಟಿ ಎದುರಿಗೇ ಕುಂತಿದ್ದೆ.” ಬೆರಳಿನಿಂದ ನನ್ನನ್ನು ಟಕಟಕ ಬಡಿದಳು. “ನನ್ನ ಕಣ್ಣು ಗಾಜಿಗೆ ಹೆದರತೈತೇನು?”

ಮೊದಲು ಶ್ರಾವಣಿ ನಕ್ಕಳು, ಆಮೇಲೆ ನೆಂಟರೆಲ್ಲ. ಅಡಿವೆಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಆಹಾ! ಅವನು ಅಕ್ಕನ ಕಾಲಿಗೆ ಬಾಗಿದ. ಅವಳು ಹಿಂದೆ ಸರಿದಳು.

“ಮನಿಮನಿಗೆ ಹೇಳಿ ಬಂದೀಯಲ್ಲ, ಮನಿಮನಿಗೆ ಹೋಗಿ ತಿರುಗಿ ಹೇಳಿ ಬಾ. ಈ ಮುಚ್ಚಳ ಹಿಡ್ಕೊಂಡು ಹೋಗು. ಅಲ್ಲೀಮಟ ಈ ಮನ್ಯಾಗ ನಾ ಹನಿ ನೀರು ಮುಟ್ಟೂದಿಲ್ಲ.”

“ಅತ್ತಿ ಉಣ್ಣೂಮಟ ನಾನೂ ಉಣ್ಣಂಗಿಲ್ಲ,” ಎಂದಳು ಶ್ರಾವಣಿ.

ಹೋದ. ಉರಿಬಿಸಿಲಲ್ಲಿ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ಬಾಗಿಲು ಅಲೆದ. “ನೀರು ಆರಿದ್ದು ಈ ಮುಚ್ಚಳ ತೆಗೆದದ್ದಕ್ಕ, ನಮ್ಮಕ್ಕನ ಕಣ್ಣಿಂದಲ್ಲ,” ಎಂದು ಒಪ್ಪಿಸಿದ. ಕೆಲವರು ಕೇಳಿಸಲಿಲ್ಲವೆಂದು ಎರಡೆರಡು ಸಲ ಹೇಳಿಸಿದರು. ಅವನ ಬೆವರು ನನ್ನ ಮೇಲೆ ಇಳಿಯುತ್ತಿತ್ತು. ಅಷ್ಟು ಸವಿಯಾದ ನೀರು ನನ್ನನ್ನು ಅದುವರೆಗೆ ಮುಟ್ಟಿರಲಿಲ್ಲ.

ನಿಶ್ಚಿತಾರ್ಥದಲ್ಲಿ ಕಾಶವ್ವ ಶ್ರಾವಣಿಯ ಪಕ್ಕದಲ್ಲೇ ಕುಳಿತಳು.

ಈಗ ಮೀನುಗಳಿಲ್ಲ, ತೊಟ್ಟಿ ಸೀಳಿದೆ. ಅಂಚು ಮುಕ್ಕಾದ ನಾನು ಅಡುಗೆಮನೆಯಲ್ಲಿ ಮಜ್ಜಿಗೆಯ ಗಡಿಗೆ ಮುಚ್ಚಿಕೊಂಡಿದ್ದೇನೆ. ಅಕ್ಕ ತಮ್ಮ ಎದುರುಬದುರು ಕುಳಿತು ಉಣ್ಣುತ್ತಾರೆ. ಕಾಶವ್ವ ಎಂದೋ ಕ್ಷಮಿಸಿದಳು, ತಮ್ಮನಲ್ಲವೇ. ನನಗೆ ಅವನು ಏನಾಗಬೇಕು? ಅವನು ಮಜ್ಜಿಗೆಗೆ ಕೈ ಹಾಕಿದಾಗಲೆಲ್ಲ ನನ್ನ ಮುಕ್ಕಾದ ಅಂಚು ಅವನ ಬೆರಳಿನ ಕಡೆಗೇ ತಿರುಗಿರುತ್ತದೆ.