ಮುನಿಕೆಂಪಮ್ಮನ ಬಲಗಾಲು

ಅಟ್ಟೂರಿನ ಮುನಿಕೆಂಪಮ್ಮನಿಗಿಂತ ಆಕೆಯ ಬಲಗಾಲಿಗೇ ಪ್ರತಿಷ್ಠೆ ಹೆಚ್ಚು. ತಾಯಿಯ ಗರ್ಭದಿಂದ ಕಾಲು ಮುಂದಾಗಿ ಬಂದವಳಾದ್ದರಿಂದ ಆಕೆಯಿಂದ ಒದೆಸಿಕೊಂಡರೆ ನಡುವಿನ ಉಳುಕು ಬಿಡುತ್ತದೆಂಬುದು ಸುತ್ತಲ ಹಳ್ಳಿಗಳಲ್ಲಿ ಪ್ರಶ್ನಾತೀತ ಸತ್ಯ. ಐವತ್ತೆಂಟನೇ ಇಸವಿಯಲ್ಲಿ ಯಲಹಂಕದ ಶಾಲೆಗೆ ಮೇಷ್ಟ್ರಾಗಿ ಬಂದ ನಾನು ಮೂಢನಂಬಿಕೆಯೆಂದು ನಕ್ಕವನೇ. ನಡು ಹಿಡಿದಾಗ ಮಾತ್ರ ತೆಪ್ಪಗೆ ಹೋಗಿ ಗೋಡೆಗೆ ಮುಖಮಾಡಿ ನಿಂತೆ. ಆಕೆ ಸೆರಗು ಸೊಂಟಕ್ಕೆ ಸಿಗಿಸಿ, ಎಲೆಯಡಿಕೆಯನ್ನು ದವಡೆಗೊತ್ತಿ, ಉಸಿರು ಬಿಡಲು ಹೇಳಿ, ಬಿಡುವ ಮುಂಚೆಯೇ ಒದ್ದಳು. ನಡು ಸರಿಹೋಯಿತೋ, ಹೆದರಿಕೆಗೆ ನೋವು ಮರೆತುಹೋಯಿತೋ, ದೇವರಿಗೇ ಗೊತ್ತು.

ಇಂಥ ಪಾದದ ಹಿಮ್ಮಡಿಯ ಹಿಂದೆ ಒಂದು ಬೇಸಗೆಯಲ್ಲಿ ನೋವು ಕಾಣಿಸಿಕೊಂಡಿತು. ಬೆಳಿಗ್ಗೆ ಊರಿದ ಮೊದಲ ಹೆಜ್ಜೆಗೆ ಪ್ರಾಣ ಹೋದಂತಾಗುವುದು, ಓಡಾಡಿದಂತೆ ಸಡಿಲವಾಗುವುದು, ಸೊಪ್ಪಿನ ಮಂಕರಿ ಹೊತ್ತು ಸಂತೆಗೆ ಹೋಗಿಬಂದರೆ ಸಂಜೆಗೆ ಮತ್ತೆ ಊದಿಕೊಳ್ಳುವುದು. ಊರವರ ಉಳುಕೆಲ್ಲ ತನ್ನ ಕಾಲಿಗೇ ಬಂದು ಕೂತಿದೆಯೆಂಬುದು ಆಕೆಯ ರೋಗನಿದಾನ. ಅದನ್ನು ಬಿಡಿಸಲು ತನ್ನಂತೆಯೇ ಹುಟ್ಟಿದವರು ಬೇಕಲ್ಲ! ಅಲ್ಲಾಳಸಂದ್ರದಲ್ಲಿ ಅಂಥದೊಂದು ಹಸುಗೂಸಿದೆಯೆಂದು ಕೇಳಿ, ಕುಂಟಿಕೊಂಡು ಹೋಗಿ, ಬೋರಲು ಮಲಗಿ, ಅದರ ಪುಟ್ಟ ಪಾದವನ್ನು ಹಿಮ್ಮಡಿಗೆ ತಾಗಿಸಿಕೊಂಡು, ಕುಂಟುತ್ತಲೇ ಹಿಂದಿರುಗಿದಳು. ಕೂಸಿನ ಕಾಲಿಗೆ ಇನ್ನೂ ಶಕ್ತಿ ಬಲಿತಿಲ್ಲವೆಂದು ಅದರ ಮೇಲೇ ತಪ್ಪು ಹೊರಿಸಿದಳು.

ಕೊನೆಗೆ ನಾನೇ ಗದರಿಸಿ ಡಾಕ್ಟರ್ ಆನಂದಪ್ಪನವರ ಬಳಿ ಕರೆದೊಯ್ದೆ. ಅವರು ಒತ್ತಿ ನೋಡಿ, ಇದು ಉಳುಕಲ್ಲ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಹುರಿ ದುಡಿದು ದಣಿದಿದೆ ಎಂದರು. ಹಿಮ್ಮಡಿಯಡಿ ದಪ್ಪ ತೊಗಲಿಟ್ಟ ಚಪ್ಪಲಿ ಮೆಟ್ಟಬೇಕು, ಹೊರೆ ತಗ್ಗಿಸಬೇಕು, ನೋವಿಳಿದ ಮೇಲೆ ಕಂಬ ಹಿಡಿದು ಹಿಮ್ಮಡಿಯನ್ನು ಮೆಲ್ಲಗೆ ಎತ್ತಿ ಇಳಿಸಿ ಬಲ ತುಂಬಬೇಕು, ಅಲ್ಲಿಯವರೆಗೆ ಯಾರನ್ನೂ ಒದೆಯಕೂಡದು. ಮಿಕ್ಕಿದ್ದಕ್ಕೆಲ್ಲ ತಲೆಯಾಡಿಸಿದವಳು ಕೊನೆಯ ಮಾತಿಗೆ ಕುಸಿದಳು.

"ಒದೀದಿದ್ರೆ ನಮ್ಮನೆಗ್ಯಾರ್ ಬತ್ತಾರೆ ಸಾಮಿ?"

ಹಾಗೇ ಆಯಿತು, ಜಗಲಿ ಬರಿದಾಯಿತು. ಆದರೂ ಹಿಡಿದ ಹಟ ಬಿಡದ ಹೆಂಗಸು, ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ನಡೆಸಿದಳು. ಒಂದು ಸಂಜೆ ನಾನಿದ್ದಾಗಲೇ ಸೋಲದೇವನಹಳ್ಳಿಯಿಂದ ಅಂಜಿನಮ್ಮ ಬಂದಳು, ನಡು ಹಿಡಿದಾಗಲೆಲ್ಲ ಓಡಿಬರುತ್ತಿದ್ದವಳು. ಮುನಿಕೆಂಪಮ್ಮ ಈಗ ಒದೆಯುವಂತಿಲ್ಲವೆಂದು ಮುಖ ತಿರುಗಿಸಿದಳು.

"ನಂಗೇನಾಗಿಲ್ಲ ಕಣಕ್ಕ. ನಿನ್ ಕಾಲ್ ಎಂಗೈತೆ ಅಂತ ಕೇಳಾಕ್ ಬಂದೆ."

ಆ ಗಟ್ಟಿಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಮಳೆಗಾಲದ ಹೊತ್ತಿಗೆ ಕಾಲು ವಾಸಿಯಾಯಿತು, ಒದೆತವೂ ಮೊದಲಾಯಿತು, ಅದು ಬೇರೆ ಮಾತು. ಪರರ ನೋವಿಗೆ ಒದಗುತ್ತಲೇ ಬಾಳಿದ ಇಂಥ ಜೀವಗಳು, ಜನಕ್ಕೆ ಬೇಕಾದದ್ದು ತಮ್ಮ ಉಪಯೋಗವೇ ಹೊರತು ತಾವಲ್ಲವೆಂದು ಒಳಗೊಳಗೇ ತೀರ್ಮಾನಿಸಿಕೊಂಡಿರುತ್ತವೆ. ಸುಮ್ಮನೆ ಕೂತರೂ ಅವರು ನಮಗೆ ಬೇಕಾದವರೆಂದು ಯಾರಾದರೂ ಮನೆತನಕ ನಡೆದುಹೋಗಿ ಹೇಳಬೇಕು.